ಈವ್ ಆನ್‌ಲೈನ್‌ನಲ್ಲಿ ಇನ್ಶೂರೆನ್ಸ್ ಇಲ್ಲದ ಶಿಪ್ ಕಳೆದುಕೊಳ್ಳದಿರಲು: ಅನ್‌ಡಾಕ್ ಒತ್ತುವ ಮುಂಚಿನ ಸಮಗ್ರ ಮಾರ್ಗದರ್ಶಿ

"ಶಿಪ್ ಹೋಯ್ತು. ಇನ್ಶೂರೆನ್ಸ್ ಇದೆ ಅಂದ್ಕೊಂಡಿದ್ದೆ. ದುಡ್ಡು ಪೂರ್ತಿ ಬರಲೇ ಇಲ್ಲ." ಬಾಹ್ಯಾಕಾಶ ಶಿಪ್‌ಗಳ ಆಟ ಈವ್ ಆನ್‌ಲೈನ್ ಶುರು ಮಾಡಿದವರಿಂದ ನಾನು ಜಾಸ್ತಿ ಕೇಳುವ ಮಾತು ಇದು. ಏನಾಯಿತು ಅಂತ ಬಿಡಿಸಿ ಕೇಳಿದರೆ, ಇನ್ಶೂರೆನ್ಸ್ ಮಾಡಿಸದವರು ಕಡಿಮೆ. ಮಾಡಿಸಿ, ಆಮೇಲೆ ತಾವೇ ಅದನ್ನು ಕೆಡಿಸಿಕೊಂಡವರು ಜಾಸ್ತಿ. ಒಬ್ಬರು ಜೋಡಿಸಿದ ಶಿಪ್ಪನ್ನು ರೀಪ್ಯಾಕೇಜ್, ಅಂದರೆ ಮತ್ತೆ ಪ್ಯಾಕ್, ಮಾಡಿರುತ್ತಾರೆ. ಇನ್ನೊಬ್ಬರಿಗೆ ಇನ್ಶೂರೆನ್ಸಿನ 12 ವಾರದ ಅವಧಿ ಮುಗಿದದ್ದೇ ಗೊತ್ತಿರುವುದಿಲ್ಲ. ಮತ್ತೊಬ್ಬರ ಹತ್ತಿರ ಒಂದೇ ಥರದ ಎರಡು ಶಿಪ್ ಇರುತ್ತವೆ, ಇನ್ಶೂರೆನ್ಸ್ ಇಲ್ಲದ್ದನ್ನು ಹತ್ತಿಕೊಂಡು ಹೋಗಿರುತ್ತಾರೆ.

ಹಾಗಾಗಿ ಇಲ್ಲಿ ಏನು ಮಾಡಬೇಕು ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದು ಮುಖ್ಯ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಅನ್‌ಡಾಕ್ ಅಂದರೆ ಶಿಪ್ ಸ್ಟೇಷನ್‌ನಿಂದ ಹೊರಗೆ ಹೊರಡುವುದು, ಡಾಕ್ ಅಂದರೆ ಒಳಗೆ ಬಂದು ನಿಲ್ಲುವುದು.

## ಶುರು ಮಾಡುವ ಮುಂಚೆ ಇವು ಇರಲಿ

ಆಟದ ಒಳಗೆ ಬೇಕಾದದ್ದು ನಾಲ್ಕು: ಮಾರ್ಕೆಟ್ ವಿಂಡೋ, ಫಿಟ್ಟಿಂಗ್ ವಿಂಡೋ, ವಾಲೆಟ್ಟಿನ ಜರ್ನಲ್, ನೋಟಿಫಿಕೇಶನ್. ಹೊರಗೆ ಒಂದು ಫೋನ್ ಕ್ಯಾಲೆಂಡರ್ ಮತ್ತು ಝೀಕಿಲ್‌ಬೋರ್ಡ್ ವೆಬ್‌ಸೈಟ್. ಯಾವ ಸಿಸ್ಟಮ್‌ನಲ್ಲಿ (ಆಟದ ನಕ್ಷತ್ರ ಮಂಡಲ) ಯಾರ ಶಿಪ್ ಒಡೆಯಿತು ಅನ್ನುವುದು ಝೀಕಿಲ್‌ಬೋರ್ಡಿನಲ್ಲಿ ಎಲ್ಲರಿಗೂ ಕಾಣುತ್ತದೆ. ಫಿಟ್ (ಶಿಪ್ ಮೇಲೆ ಕೂರಿಸುವ ಗನ್ನು, ಮಾಡ್ಯೂಲ್‌ಗಳ ಜೋಡಣೆ) ಲೆಕ್ಕ ಹಾಕಲು ಪೈಫಾ ಅನ್ನುವ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ನಮ್ಮ ಕಡೆಯವರು ಇನ್ನೊಂದು ವಿಷಯ ಮೊದಲೇ ರೂಢಿ ಮಾಡಿಕೊಳ್ಳಬೇಕು. ಆಟ ದುಡ್ಡನ್ನು ಮಿಲಿಯನ್, ಬಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ಲಕ್ಷ, ಕೋಟಿಗೆ ಒಗ್ಗಿದ ಕಣ್ಣು ಅಲ್ಲಿ ಒಂದು ಸೊನ್ನೆ ತಪ್ಪಿಸಿಬಿಡುತ್ತದೆ. 1 ಮಿಲಿಯನ್ ಅಂದರೆ 10 ಲಕ್ಷ, 1 ಬಿಲಿಯನ್ ಅಂದರೆ 100 ಕೋಟಿ. ಆಟದ ಅತಿ ದೊಡ್ಡ ಮಾರುಕಟ್ಟೆ ಇರುವ ಜಿಟಾದಲ್ಲಿ ಈ ಒಂದು ಸೊನ್ನೆಯನ್ನೇ ನಂಬಿಕೊಂಡು ಬದುಕುವ ಮೋಸಗಾರರಿದ್ದಾರೆ. ಕಾಂಟ್ರಾಕ್ಟ್ ಒಪ್ಪುವ ಮುಂಚೆ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ.

## ಹಂತ 1: ಮಾಡಿಸಬೇಕಾ, ಬೇಡವಾ? ಮೊದಲು ಲೆಕ್ಕ

ಪ್ರತಿ ಶಿಪ್ಪಿಗೂ ಆಟ ತನ್ನದೇ ಒಂದು ಮೂಲ ಬೆಲೆ ಇಟ್ಟಿರುತ್ತದೆ. ನಮ್ಮ ಬೈಕ್ ಇನ್ಶೂರೆನ್ಸ್ ಪೇಪರ್ ಮೇಲೆ ಐಡಿವಿ ಅಂತ ಇರುತ್ತದಲ್ವಾ, ಸುಮಾರು ಅದೇ ಥರ. ನೀವು ಎಷ್ಟು ಕೊಟ್ಟು ತಂದಿರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಶಿಪ್ ಕಟ್ಟಲು ಬೇಕಾದ ಖನಿಜಗಳ ಬೆಲೆ ನೋಡಿ ಆಟವೇ ಈ ಮೂಲ ಬೆಲೆ ನಿಗದಿ ಮಾಡುತ್ತದೆ. ಕಟ್ಟುವ ಕಂತು, ಸಿಗುವ ಪರಿಹಾರ ಎರಡೂ ಇದರ ಶೇಕಡಾ ಲೆಕ್ಕ.

ಒಟ್ಟು ಆರು ಮಟ್ಟಗಳಿವೆ:

- ಬೇಸಿಕ್: ಕಂತು 5%, ಪರಿಹಾರ 50%
- ಸ್ಟ್ಯಾಂಡರ್ಡ್: ಕಂತು 10%, ಪರಿಹಾರ 60%
- ಬ್ರಾಂಜ್: ಕಂತು 15%, ಪರಿಹಾರ 70%
- ಸಿಲ್ವರ್: ಕಂತು 20%, ಪರಿಹಾರ 80%
- ಗೋಲ್ಡ್: ಕಂತು 25%, ಪರಿಹಾರ 90%
- ಪ್ಲಾಟಿನಂ: ಕಂತು 30%, ಪರಿಹಾರ 100%

ಏನೂ ಮಾಡಿಸದಿದ್ದರೂ 40% ತಾನಾಗಿಯೇ ಬರುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಲೆಕ್ಕ ತಿರುಗುವುದೇ ಈ 40 ಎಂಬ ಅಂಕಿಯ ಮೇಲೆ.

ಒಂದು ಶಿಪ್ಪಿನ ಮೂಲ ಬೆಲೆ 1 ಕೋಟಿ ಇಸ್ಕ್ (ಆಟದ ದುಡ್ಡು) ಅಂತ ಇಟ್ಟುಕೊಳ್ಳಿ. ಪ್ಲಾಟಿನಂ ಕಂತು 30 ಲಕ್ಷ. ಶಿಪ್ ಹೋದರೆ 1 ಕೋಟಿ ಬರುತ್ತದೆ. ಅದರಲ್ಲಿ 40 ಲಕ್ಷ ಹೇಗಿದ್ದರೂ ಬರುತ್ತಿತ್ತು. ಅಂದರೆ 30 ಲಕ್ಷ ಕೊಟ್ಟು ನೀವು ಕೊಂಡದ್ದು 60 ಲಕ್ಷದ ಭದ್ರತೆ. ಬೇಸಿಕ್ ನೋಡಿ: 5 ಲಕ್ಷ ಕೊಟ್ಟರೆ ಮೇಲಿಂದ 10 ಲಕ್ಷ. ಸಿಲ್ವರ್: 20 ಲಕ್ಷಕ್ಕೆ 40 ಲಕ್ಷ. ಆರರಲ್ಲಿ ಯಾವುದನ್ನು ತೆಗೆದುಕೊಂಡರೂ ಅಷ್ಟೇ, ಕೊಟ್ಟದ್ದರ ಎರಡರಷ್ಟು.

ಹಾಗಿದ್ದರೆ ಪ್ರಶ್ನೆ ಒಂದೇ ಉಳಿಯುತ್ತದೆ. ಮುಂದಿನ 12 ವಾರದಲ್ಲಿ ಈ ಶಿಪ್ ಒಡೆಯುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದೆಯಾ? ಇದ್ದರೆ ಪ್ಲಾಟಿನಂ. ಇಲ್ಲದಿದ್ದರೆ ಏನೂ ಬೇಡ. "ನಡುವಿನದ್ದು ಸೇಫ್" ಅಂತ ಬ್ರಾಂಜ್ ಮಾಡಿಸುವವರನ್ನು ನೋಡಿದ್ದೇನೆ. ಲೆಕ್ಕದಲ್ಲಿ ಅದಕ್ಕೆ ಅರ್ಥವಿಲ್ಲ. ಕೈಯಲ್ಲಿ ಪ್ಲಾಟಿನಂ ಕಂತಿಗೆ ದುಡ್ಡಿಲ್ಲ ಅನ್ನುವುದೊಂದೇ ಅದಕ್ಕೆ ಸರಿಯಾದ ಕಾರಣ.

ಇನ್ನೊಬ್ಬರ ಶಿಪ್ ಹೊಡೆಯಲು ಹೋಗುವವರು, ಪೊಲೀಸರು ಬರದ ಲೋ ಸೆಕ್ ಅಥವಾ ನಲ್ ಸೆಕ್‌ಗೆ ಇಳಿಯುವವರು ಯೋಚನೆ ಮಾಡದೆ ಪ್ಲಾಟಿನಂ ಮಾಡಿಸಿ. ಪೊಲೀಸರಿರುವ ಹೈ ಸೆಕ್‌ನಲ್ಲಿ ಸುಮ್ನೆ ಮಿಷನ್ ಮಾಡಿಕೊಂಡು, ಮೈನಿಂಗ್ ಮಾಡಿಕೊಂಡು ಇರುವವರಿಗೆ ಲೆಕ್ಕದ ಪ್ರಕಾರ ಬೇಡ. ಆದರೆ ಇಲ್ಲೊಂದು ವಿನಾಯಿತಿ ಇದೆ. ನಿಮ್ಮ ಹತ್ತಿರ ಇರುವುದೇ ಒಂದು ಒಳ್ಳೆ ಶಿಪ್, ಅದು ಹೋದರೆ ಮತ್ತೆ ಬಿಟ್ಟಿ ಸಿಗುವ ಕಾರ್ವೆಟ್‌ನಿಂದ ಶುರು ಮಾಡಬೇಕು ಅನ್ನುವ ಸ್ಥಿತಿ ಇದ್ದರೆ ಲೆಕ್ಕ ಪಕ್ಕಕ್ಕಿಡಿ. ಪ್ಲಾಟಿನಂ ಮಾಡಿಸಿ. 30 ಲಕ್ಷ ವ್ಯರ್ಥವಾದರೆ ಒಂದು ಸಂಜೆ ಹೋಗುತ್ತದೆ, ಶಿಪ್ಪೇ ಹೋದರೆ ಆಟ ಬಿಟ್ಟುಬಿಡುತ್ತೀರಿ.

## ಹಂತ 2: ಇನ್ಶೂರೆನ್ಸ್ ಯಾವುದನ್ನು ಕಾಯುವುದಿಲ್ಲ?

ಇನ್ಶೂರೆನ್ಸ್ ಶಿಪ್ಪಿನ ಬರೀ ಮೈಗೆ (ಹಲ್) ಮಾತ್ರ. ಅದರ ಮೇಲೆ ಕೂರಿಸಿದ ಗನ್ನು, ಶೀಲ್ಡ್ ಮಾಡ್ಯೂಲ್‌ಗಳಿಗೆ ಇಲ್ಲ. ಶಿಪ್ಪಿಗೆ ಖಾಯಂ ಆಗಿ ಕೂರಿಸುವ ರಿಗ್‌ಗಳಿಗೆ ಇಲ್ಲ. ಕಾರ್ಗೋದಲ್ಲಿ ತುಂಬಿದ ಸಾಮಾನಿಗೆ ಇಲ್ಲ. ನಿಮ್ಮ ಪಾತ್ರದ ತಲೆಯೊಳಗೆ ಹಾಕಿಸಿದ, ಸಾಮರ್ಥ್ಯ ಹೆಚ್ಚಿಸುವ ಇಂಪ್ಲಾಂಟ್‌ಗಳಿಗೂ ಇಲ್ಲ. 1 ಕೋಟಿ ಶಿಪ್ಪಿಗೆ 5 ಕೋಟಿಯ ಮಾಡ್ಯೂಲ್ ಹಾಕಿ "ಪ್ಲಾಟಿನಂ ಇದೆ ಬಿಡು" ಅಂದರೆ ಆರು ಪಾಲಿನಲ್ಲಿ ಒಂದು ಪಾಲಿಗೆ ಮಾತ್ರ ರಕ್ಷಣೆ ಅಂತ ಅರ್ಥ.

ಟೆಕ್ 2, ಟೆಕ್ 3, ಫ್ಯಾಕ್ಷನ್ ಅನ್ನುವ ದುಬಾರಿ ಶಿಪ್‌ಗಳ ಕಥೆ ಬೇರೆ. ಹಲ್ಕ್ ಥರದ ಟೆಕ್ 2 ಮೈನಿಂಗ್ ಶಿಪ್ಪಿನ ಮಾರ್ಕೆಟ್ ಬೆಲೆಗೂ ಆಟ ಇಟ್ಟಿರುವ ಮೂಲ ಬೆಲೆಗೂ ದೊಡ್ಡ ಅಂತರ. ಅಲ್ಲಿ ಪ್ಲಾಟಿನಂ ಮಾಡಿಸಿದರೂ ಬರುವುದು ಮಾರ್ಕೆಟ್ ಬೆಲೆಯ ಸಣ್ಣ ಪಾಲು. ಕಂತೂ ಸಣ್ಣದೇ, ಹಾಗಾಗಿ ದುಡ್ಡು ಅಷ್ಟೇನೂ ದಂಡವಾಗುವುದಿಲ್ಲ. ತೊಂದರೆ ಇರುವುದು ಮನಸ್ಸಿನಲ್ಲಿ. ಪಟ್ಟಿಯಲ್ಲಿ ಪ್ಲಾಟಿನಂ ಅನ್ನುವ ಪದ ನೋಡಿ ಧೈರ್ಯ ಬಂದುಬಿಡುತ್ತದೆ.

ಪರೀಕ್ಷೆ ಸುಲಭ. ಇನ್ಶೂರೆನ್ಸ್ ವಿಂಡೋದಲ್ಲಿ ಪ್ಲಾಟಿನಂ ಪರಿಹಾರ ಎಷ್ಟು ಅಂತ ನೋಡಿ. ಮಾರ್ಕೆಟ್‌ನಲ್ಲಿ ಅದೇ ಶಿಪ್ಪಿನ ಬೆಲೆ ನೋಡಿ. ಪರಿಹಾರ ಅದರ ಅರ್ಧವೂ ಬರದಿದ್ದರೆ, ಆ ಶಿಪ್ಪಿಗೆ ಇನ್ಶೂರೆನ್ಸ್ ಇಲ್ಲ ಅಂತಲೇ ತಿಳಿದು ಹಾರಿಸಿ.

ಕೊನೆಯದಾಗಿ ಕಾಂಕಾರ್ಡ್. ಹೈ ಸೆಕ್‌ನ ಪೊಲೀಸರು ಇವರು. ನೀವೇ ಕಾನೂನು ಮುರಿದು, ಕಾಂಕಾರ್ಡ್ ಬಂದು ನಿಮ್ಮ ಶಿಪ್ ಒಡೆದರೆ ಪರಿಹಾರ ಬರುವುದಿಲ್ಲ. ಮೊದಲು ಬರುತ್ತಿತ್ತು, ಗ್ಯಾಂಕರ್‌ಗಳು (ಶಿಕ್ಷೆ ಆದರೂ ಸರಿ ಅಂತ ಹೈ ಸೆಕ್‌ನಲ್ಲಿ ಬೇರೆಯವರ ಶಿಪ್ ಒಡೆಯುವವರು) ಅದನ್ನೇ ದುರುಪಯೋಗ ಮಾಡಿಕೊಳ್ಳುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು.

## ಹಂತ 3: ಕೊಳ್ಳುವುದು, ಸಾಗಿಸುವುದು, ಜೋಡಿಸುವುದು

ಎಲ್ಲರೂ ಎಡವುವ ಜಾಗ ಇದು. ನಾನೂ ಇಲ್ಲೇ ಬಿದ್ದವನು.

ಜಿಟಾದಲ್ಲಿ ಡ್ರೇಕ್ ಅನ್ನುವ ಒಂದು ಶಿಪ್ ಕೊಂಡೆ. ಅಲ್ಲೇ ಅಸೆಂಬಲ್ ಮಾಡಿದೆ, ರಿಗ್ ಹಾಕಿದೆ, ಪ್ಲಾಟಿನಂ ಮಾಡಿಸಿದೆ. ಮನೆ ಸ್ಟೇಷನ್ ಹದಿನೈದಿಪ್ಪತ್ತು ಜಂಪ್ ದೂರ (ಗೇಟ್ ಮೂಲಕ ಒಂದು ಸಿಸ್ಟಮ್‌ನಿಂದ ಪಕ್ಕದ್ದಕ್ಕೆ ಹೋಗುವುದು ಒಂದು ಜಂಪ್). ಅಷ್ಟು ದೂರ ಯಾರು ಓಡಿಸಿಕೊಂಡು ಹೋಗುತ್ತಾರೆ, ಕೊರಿಯರ್ ಕಾಂಟ್ರಾಕ್ಟ್ ಹಾಕೋಣ ಅನ್ನಿಸಿತು. ಅಸೆಂಬಲ್ ಆದ ಡ್ರೇಕ್ ಸಾಮಾನು ಸಾಗಿಸುವ ಯಾವ ಮಾಮೂಲಿ ಲಾರಿ ಥರದ ಶಿಪ್ಪಿಗೂ ಹಿಡಿಸುವುದಿಲ್ಲ. ಪ್ಯಾಕ್ ಮಾಡಿದರೆ 15,000 ಘನ ಮೀಟರ್ ಅಷ್ಟೇ. ರೀಪ್ಯಾಕೇಜ್ ಒತ್ತಿದೆ. ಪರದೆ ಮೇಲೆ ಒಂದು ಎಚ್ಚರಿಕೆ ಬಂತು. ಓದಲಿಲ್ಲ, ಯೆಸ್ ಒತ್ತಿದೆ. ಮತ್ತೆ ಅದೇ ಥರದ ಇನ್ನೊಂದು ಬಂತು. ಅದಕ್ಕೂ ಯೆಸ್.

ಮೊದಲನೆಯದು ಇನ್ಶೂರೆನ್ಸ್ ರದ್ದಾಗುತ್ತದೆ ಅಂತ. ಎರಡನೆಯದು ರಿಗ್‌ಗಳು ನಾಶವಾಗುತ್ತವೆ ಅಂತ. ಡ್ರೇಕ್ ಮನೆಗೆ ಬಂತು. ರಿಗ್ ಇಲ್ಲದ್ದು ನೋಡಿ ತಲೆ ಕೆರೆದುಕೊಂಡು ಹೊಸದು ಹಾಕಿದೆ. ಇನ್ಶೂರೆನ್ಸ್ ಹೋದದ್ದು ಮಾತ್ರ ತಿಳಿಯಲಿಲ್ಲ. ಎರಡು ವಾರದ ಮೇಲೆ ಒಂದು ಮಿಷನ್‌ನಲ್ಲಿ ಡ್ರೇಕ್ ಒಡೆದಾಗ 40% ಬಂತು, ಆಗ ಅರ್ಥವಾಯಿತು.

ಸರಿಯಾದ ಕ್ರಮ ಎರಡು ಥರ ಇದೆ. ಯಾವುದು ಅನ್ನುವುದು ನೀವು ಹೇಗೆ ಸಾಗಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಬೇರೆಯವರ ಕೈಲಿ ಸಾಗಿಸುವುದಾದರೆ: ಕೊಳ್ಳಿ, ಪ್ಯಾಕ್ ಆಗಿದ್ದಂತೆಯೇ ಕಳಿಸಿ, ಮನೆಯಲ್ಲಿ ಅಸೆಂಬಲ್ ಮಾಡಿ, ಫಿಟ್ ಹಾಕಿ, ಕೊನೆಗೆ ಇನ್ಶೂರೆನ್ಸ್. ಜಿಟಾದಲ್ಲಿ ಅಸೆಂಬಲ್ ಬಟನ್ ಮುಟ್ಟಲೇಬೇಡಿ.

ನೀವೇ ಓಡಿಸಿಕೊಂಡು ಹೋಗುವುದಾದರೆ: ಕೊಳ್ಳಿ, ಅಸೆಂಬಲ್ ಮಾಡಿ, ಫಿಟ್ ಹಾಕಿ, ಅಲ್ಲೇ ಇನ್ಶೂರೆನ್ಸ್ ಮಾಡಿಸಿ, ಆಮೇಲೆ ಅನ್‌ಡಾಕ್. "ಮನೆಗೆ ಹೋಗಿ ಮಾಡಿಸಿದರಾಯ್ತು" ಅನ್ನಬೇಡಿ. ಜಿಟಾದಿಂದ ಮನೆಗೆ ಹೋಗುವ ಆ ಮೊದಲ ಓಟವೇ ಹೊಸ ಶಿಪ್ಪಿಗೆ ಅಪಾಯದ ಓಟ.

ಫಿಟ್ ಬದಲಾಯಿಸಿದರೆ, ಮಾಡ್ಯೂಲ್ ಬಿಚ್ಚಿ ಹಾಕಿದರೆ ಇನ್ಶೂರೆನ್ಸ್‌ಗೆ ಏನೂ ಆಗುವುದಿಲ್ಲ. ಆದರೆ ಗೆಳೆಯನಿಂದ ಶಿಪ್ ತೆಗೆದುಕೊಂಡಿದ್ದರೆ, ಅವನು ಮಾಡಿಸಿದ ಇನ್ಶೂರೆನ್ಸ್ ನಿಮಗೆ ಬರುತ್ತದೆ ಅಂತ ನಂಬಿ ಕೂರಬೇಡಿ. ಕೈ ಬದಲಾದ ಶಿಪ್ಪಿಗೆ ನಿಮ್ಮ ಹೆಸರಲ್ಲಿ ಹೊಸದಾಗಿ ಮಾಡಿಸಿ.

## ಹಂತ 4: ಇನ್ಶೂರೆನ್ಸ್ ಮಾಡಿಸುವುದು

ಇದು ಎರಡು ನಿಮಿಷದ ಕೆಲಸ.

1. ಶಿಪ್ ಇರುವ ಸ್ಟೇಷನ್‌ನಲ್ಲೇ ನೀವೂ ಡಾಕ್ ಆಗಿರಬೇಕು. ಬೇರೆ ಸ್ಟೇಷನ್‌ನಲ್ಲಿ ಕೂತು ಮಾಡಿಸಲು ಆಗುವುದಿಲ್ಲ.
2. ಸ್ಟೇಷನ್ ಸರ್ವಿಸಸ್‌ನಲ್ಲಿ ಇನ್ಶೂರೆನ್ಸ್ ತೆರೆಯಿರಿ. ಅಲ್ಲಿರುವ ನಿಮ್ಮ ಶಿಪ್‌ಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಶಿಪ್ ಕಾಣದಿದ್ದರೆ ಇನ್ನೂ ಪ್ಯಾಕ್ ಆಗಿದೆಯಾ ನೋಡಿ.
3. ಮಟ್ಟ ಆರಿಸಿ, ಕಂತು ಎಷ್ಟು, ಪರಿಹಾರ ಎಷ್ಟು ಅಂತ ಓದಿ, ಒಪ್ಪಿ.
4. ವಿಂಡೋ ಮುಚ್ಚಬೇಡಿ. ಪಟ್ಟಿಯಲ್ಲಿ ಆ ಶಿಪ್ಪಿನ ಎದುರು ಮಟ್ಟ ಮತ್ತು ಮುಗಿಯುವ ದಿನ ಬಂದಿದೆಯಾ ನೋಡಿ.
5. ಶಿಪ್ಪಿನ ಹೆಸರು ಬದಲಾಯಿಸಿ.

ಐದನೆಯದನ್ನು ಯಾರೂ ಮಾಡುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಇನ್ಶೂರೆನ್ಸ್ ಅಂಟಿಕೊಳ್ಳುವುದು ಆ ಒಂದು ಶಿಪ್ಪಿಗೆ, ಆ ಮಾದರಿಗಲ್ಲ. ಹ್ಯಾಂಗರ್‌ನಲ್ಲಿ ಎರಡು ಕೆರಕಲ್ ಶಿಪ್ ಇದ್ದರೆ ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅವಸರದಲ್ಲಿ ಯಾವುದೋ ಒಂದನ್ನು ಹತ್ತಿ ಹೊರಟುಬಿಡುತ್ತೀರಿ. ನಾನು ಹೆಸರಿನಲ್ಲೇ ಮುಗಿಯುವ ದಿನ ಬರೆದಿಡುತ್ತೇನೆ: 'ಪಿ 24 ಆಗಸ್ಟ್' ಅಂದರೆ ಪ್ಲಾಟಿನಂ, ಆಗಸ್ಟ್ 24ರವರೆಗೆ. ಇನ್ನೊಂದು ಲಾಭವೂ ಇದೆ. ಹೆಸರು ಬದಲಾಯಿಸದಿದ್ದರೆ ಶಿಪ್ಪಿನ ಹೆಸರಿನಲ್ಲಿ ನಿಮ್ಮ ಪಾತ್ರದ ಹೆಸರೇ ಇರುತ್ತದೆ. ಡಿ-ಸ್ಕ್ಯಾನ್ (ಸುತ್ತಮುತ್ತಲಿನ ಶಿಪ್‌ಗಳನ್ನು ತೋರಿಸುವ ಸ್ಕ್ಯಾನರ್) ಒತ್ತಿದವರಿಗೆಲ್ಲ ಅದು ಕಾಣುತ್ತದೆ, ಯಾರು ಎಲ್ಲಿದ್ದಾರೆ ಅಂತ ನೀವೇ ಡಂಗುರ ಸಾರಿದ ಹಾಗೆ.

## ಹಂತ 5: 12 ವಾರದ ಗಡಿಯಾರ

ಇನ್ಶೂರೆನ್ಸ್ 12 ವಾರ, ಅಂದರೆ 84 ದಿನ. ನೀವು ಆಡಿದರೂ ಆಡದಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ. ಪರೀಕ್ಷೆಗೋ ಊರಿಗೋ ಅಂತ ಎರಡು ತಿಂಗಳು ಆಟ ಬಿಟ್ಟು ವಾಪಸ್ ಬಂದವರ ಶಿಪ್ ಬೇಗ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಮುಗಿದಾಗ ನೋಟಿಫಿಕೇಶನ್ ಬರುತ್ತದೆ. ಆದರೆ ತಿಂಗಳಾನುಗಟ್ಟಲೆ ನೋಡದ ನೋಟಿಫಿಕೇಶನ್ ರಾಶಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಡಿಸಿದ ದಿನವೇ ಫೋನ್ ಕ್ಯಾಲೆಂಡರ್‌ನಲ್ಲಿ 80ನೇ ದಿನಕ್ಕೆ ಒಂದು ನೆನಪು ಹಾಕಿ. ಆಟದ ಸಮಯ ಯುಟಿಸಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ತುಂಬಾ ಮುಂಚೆಯೇ ನವೀಕರಿಸುವ ಆತುರವೂ ಬೇಡ, ಹಳೆಯದರಲ್ಲಿ ಉಳಿದ ದಿನಗಳಿಗೆ ದುಡ್ಡು ವಾಪಸ್ ಬರುವುದಿಲ್ಲ.

ಶಿಪ್ ಒಡೆದು ಪರಿಹಾರ ಬಂದರೆ ಅಲ್ಲಿಗೆ ಆ ಇನ್ಶೂರೆನ್ಸ್ ಮುಗಿಯಿತು. ಹೊಸ ಶಿಪ್ಪಿಗೆ ಹೊಸದು.

## ಹಂತ 6: ಅನ್‌ಡಾಕ್ ಒತ್ತುವ ಮುಂಚೆ

ಮೊದಲು ವಾಲೆಟ್. ಶಿಪ್ ಈಗಲೇ ಹೋದರೆ, ಇದೇ ಥರದ ಇನ್ನೊಂದನ್ನು ಕಟ್ಟಲು ಕೈಯಿಂದ ಎಷ್ಟು ಹಾಕಬೇಕು? ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೂಲ ಬೆಲೆ 1 ಕೋಟಿ, ಮಾರ್ಕೆಟ್ ಬೆಲೆ 1.2 ಕೋಟಿ, ಫಿಟ್ 80 ಲಕ್ಷ, ಮತ್ತೊಮ್ಮೆ ಪ್ಲಾಟಿನಂ ಕಂತು 30 ಲಕ್ಷ. ಒಟ್ಟು 2.3 ಕೋಟಿ. ಪರಿಹಾರ 1 ಕೋಟಿ ಕಳೆದರೆ 1.3 ಕೋಟಿ. ಅಷ್ಟು ದುಡ್ಡು ವಾಲೆಟ್‌ನಲ್ಲಿ ಇಲ್ಲದಿದ್ದರೆ ಇವತ್ತು ಸಣ್ಣ ಶಿಪ್ ತೆಗೆದುಕೊಂಡು ಹೋಗಿ. ಇದೇ ಶಿಪ್ ಇನ್ಶೂರೆನ್ಸ್ ಇಲ್ಲದೆ, ಮುಂದೆಯೂ ಮಾಡಿಸದೆ ಹಾರಿಸುವುದಾದರೆ ಕೈಯಲ್ಲಿ 1.6 ಕೋಟಿ ಬೇಕು.

ಎರಡನೆಯದು ಸೇಫ್ಟಿ ಬಟನ್. ಪರದೆ ಮೇಲೆ ಹಸಿರು, ಹಳದಿ, ಕೆಂಪು ಅಂತ ಮೂರು ಬಣ್ಣಕ್ಕೆ ತಿರುಗುತ್ತದೆ. ಹಸಿರಿನಲ್ಲೇ ಇರಲಿ. ಹಸಿರಿದ್ದಾಗ ಕಾನೂನು ಮುರಿಯುವ ಕೆಲಸವನ್ನು ಆಟವೇ ತಡೆಯುತ್ತದೆ. ಹಳದಿ ಮಾಡಿಕೊಂಡು ಯಾರದೋ ಡಬ್ಬಿಯಿಂದ ಸಾಮಾನು ಎತ್ತಿದರೆ ನೀವು ಸಸ್ಪೆಕ್ಟ್ ಆಗುತ್ತೀರಿ, ಯಾರು ಬೇಕಾದರೂ ಹೊಡೆಯಬಹುದು. ಕೆಂಪಿನಲ್ಲಿ ಹೈ ಸೆಕ್‌ನಲ್ಲಿ ಗುಂಡು ಹಾರಿಸಿದರೆ ಕಾಂಕಾರ್ಡ್ ಬರುತ್ತದೆ, ಶಿಪ್ಪೂ ಹೋಗುತ್ತದೆ, ಇನ್ಶೂರೆನ್ಸೂ ಬರುವುದಿಲ್ಲ. "ಸೇಫ್ಟಿ ತೆಗಿ, ಒಂದು ಮಜಾ ತೋರಿಸ್ತೀನಿ" ಅಂತ ಅಪರಿಚಿತರು ಯಾರಾದರೂ ಹೇಳಿದರೆ, ಆ ಮಜಾ ಅವರಿಗೆ.

ಮೂರನೆಯದು ಕರೆಂಟ್. ನಗಬೇಡಿ, ನಮ್ಮ ಕಡೆ ಶಿಪ್ ಒಡೆಯಲು ಇದೂ ಒಂದು ದೊಡ್ಡ ಕಾರಣ. ಸಂಪರ್ಕ ಕಡಿದರೆ ನಿಮ್ಮ ಶಿಪ್ ತಾನೇ ದೂರಕ್ಕೆ ವಾರ್ಪ್ ಆಗಲು, ಅಂದರೆ ಅತಿ ವೇಗದಲ್ಲಿ ಹಾರಿಹೋಗಲು, ನೋಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮರೆಯಾಗುತ್ತದೆ. ಆದರೆ ಆಗಲೇ ಯಾರೋ ನಿಮ್ಮನ್ನು ಸ್ಕ್ರ್ಯಾಂಬಲ್ ಮಾಡಿ ಹಿಡಿದಿದ್ದರೆ ವಾರ್ಪ್ ಆಗುವುದಿಲ್ಲ. ಬೇರೆ ಆಟಗಾರರ ಜೊತೆ ಗುಂಡಿನ ಕಾಳಗ ನಡೆದಿದ್ದರೆ ಟೈಮರ್ ಮುಗಿಯುವವರೆಗೆ, 15 ನಿಮಿಷ, ಶಿಪ್ ಅಲ್ಲೇ ಇರುತ್ತದೆ. ಎನ್‌ಪಿಸಿಗಳ (ಆಟವೇ ನಡೆಸುವ ಶತ್ರುಗಳ) ಜೊತೆಯಾದರೆ 5 ನಿಮಿಷ. ಕಂಪ್ಯೂಟರ್‌ಗೆ ಯುಪಿಎಸ್ ಹಾಕಿ ರೂಟರ್ ಮರೆತವರು ಎಷ್ಟೋ ಜನ. ಎರಡಕ್ಕೂ ಹಾಕಿ. ಮೊಬೈಲ್ ಹಾಟ್‌ಸ್ಪಾಟ್ ಹೆಸರು, ಪಾಸ್‌ವರ್ಡ್ ಕಂಪ್ಯೂಟರ್‌ನಲ್ಲಿ ಮೊದಲೇ ಸೇವ್ ಆಗಿರಲಿ. ಮಳೆಗಾಲದ ಸಂಜೆ, ಗುಡುಗು ಶುರುವಾಗಿದ್ದಾಗ ದೊಡ್ಡ ಶಿಪ್ ತೆಗೆಯಬೇಡಿ.

ಇದರ ಜೊತೆಗೆ ದಿನಾ ಮಧ್ಯಾಹ್ನ 4:30ಕ್ಕೆ, ಅಂದರೆ ಯುಟಿಸಿ 11:00ಕ್ಕೆ, ಸರ್ವರ್ ಡೌನ್‌ಟೈಮ್ ಇರುತ್ತದೆ. ನಾಲ್ಕು ಗಂಟೆಯ ಮೇಲೆ ಉದ್ದನೆಯ ಪ್ರಯಾಣ ಶುರು ಮಾಡಬೇಡಿ.

## ಹಂತ 7: ದಾರಿಯಲ್ಲಿ

ಸಿಸ್ಟಮ್ ಹೆಸರಿನ ಪಕ್ಕ ಒಂದು ಅಂಕಿ ಇರುತ್ತದೆ. 0.5ರಿಂದ 1.0 ಹೈ ಸೆಕ್. 0.1ರಿಂದ 0.4 ಲೋ ಸೆಕ್. ಸೊನ್ನೆ ಮತ್ತು ಅದಕ್ಕಿಂತ ಕೆಳಗೆ ನಲ್ ಸೆಕ್. ಹೈ ಸೆಕ್ ಅಂದರೆ ಯಾರೂ ಹೊಡೆಯುವುದಿಲ್ಲ ಅಂತ ಅಲ್ಲ. ಹೊಡೆದವರಿಗೆ ಶಿಕ್ಷೆ ಆಗುತ್ತದೆ ಅಂತ ಅಷ್ಟೇ. ಕಾಂಕಾರ್ಡ್ ಬರಲು 1.0 ಸಿಸ್ಟಮ್‌ನಲ್ಲಿ ಸುಮಾರು 6 ಸೆಕೆಂಡ್ ಸಾಕು. 0.5ರಲ್ಲಿ ಸುಮಾರು 19 ಸೆಕೆಂಡ್ ಬೇಕು. ಅಗ್ಗದ ಕ್ಯಾಟಲಿಸ್ಟ್ ಶಿಪ್‌ಗಳ ಒಂದು ಗುಂಪಿಗೆ ಆ 19 ಸೆಕೆಂಡ್ ಬೇಕಾದಷ್ಟಾಯಿತು. ಅವರ ಶಿಪ್ಪೂ ಹೋಗುತ್ತದೆ, ಆದರೆ ನಿಮ್ಮ ಕಾರ್ಗೋ ಅದಕ್ಕಿಂತ ಬೆಲೆ ಬಾಳುತ್ತದೆ. ಜಿಟಾದಿಂದ ಹೊರಡುವ ಜನಜಂಗುಳಿಯ ದಾರಿಯಲ್ಲಿರುವ ಯುಡಾಮಾ 0.5 ಸಿಸ್ಟಮ್. ಅಲ್ಲಿ ಕಾಯುವವರು ವರ್ಷಗಳಿಂದ ಕಾಯುತ್ತಿದ್ದಾರೆ. ಹೊರಡುವ ಮುಂಚೆ ಝೀಕಿಲ್‌ಬೋರ್ಡಿನಲ್ಲಿ ದಾರಿಯ 0.5 ಸಿಸ್ಟಮ್‌ಗಳ ಹೆಸರು ಹಾಕಿ ನೋಡಿ. ಕಳೆದ ಒಂದು ಗಂಟೆಯಲ್ಲಿ ಲಾರಿ ಥರದ ಶಿಪ್‌ಗಳು ಸಾಲಾಗಿ ಒಡೆದಿದ್ದರೆ ಇವತ್ತು ಆ ದಾರಿ ಬೇಡ.

ಆಟೋಪೈಲಟ್ ಹಾಕಿ ಟೀ ಮಾಡಲು ಹೋಗಬೇಡಿ. ಆಟೋಪೈಲಟ್ ಗೇಟ್‌ನಿಂದ ಹಲವು ಕಿಲೋಮೀಟರ್ ದೂರಕ್ಕೆ ಇಳಿಸಿ, ಅಲ್ಲಿಂದ ತೆವಳಿಕೊಂಡು ಹೋಗುತ್ತದೆ. ನಿಧಾನದ ಶಿಪ್ಪಿಗೆ ಇದು ನಿಮಿಷಗಟ್ಟಲೆಯ ಕೆಲಸ, ಹೊಡೆಯುವವನಿಗೆ ಹಬ್ಬ. ಕೈಯಿಂದಲೇ ಗೇಟಿಗೆ 0 ದೂರಕ್ಕೆ ವಾರ್ಪ್ ಮಾಡಿ, ಇಳಿದ ಕೂಡಲೇ ಜಂಪ್. ಆಟ ಪ್ರತಿ ಸೆಕೆಂಡಿಗೆ ಒಂದು ಸಲ ಮಾತ್ರ ಆಜ್ಞೆಗಳನ್ನು ಎತ್ತಿಕೊಳ್ಳುತ್ತದೆ. ಸರ್ವರ್ ಇರುವುದು ಲಂಡನ್‌ನಲ್ಲಿ. ಆದ್ದರಿಂದ ಕೊನೇ ಕ್ಷಣಕ್ಕೆ ಕಾದು ಒತ್ತುವ ಚಟ ಬಿಡಿ.

ಇವು ಕಂಡರೆ ಎಚ್ಚರವಾಗಿ:

- ಲೋಕಲ್ ಪಟ್ಟಿಯಲ್ಲಿ (ಆ ಸಿಸ್ಟಮ್‌ನಲ್ಲಿರುವ ಆಟಗಾರರು) ಸೆಕ್ಯೂರಿಟಿ ಸ್ಟೇಟಸ್, ಅಂದರೆ ನಡತೆಯ ಅಂಕ, ಮೈನಸ್ 5ಕ್ಕಿಂತ ಕೆಳಗಿನವರು ನಾಲ್ಕೈದು ಜನ ಒಟ್ಟಿಗೆ.
- ಗೇಟ್ ಹತ್ತಿರ ಯಾರೋ ನಿಮ್ಮನ್ನು ಲಾಕ್ ಮಾಡಿ, ಏನೂ ಮಾಡದೆ ಬಿಟ್ಟರು. ಕಾರ್ಗೋ ಸ್ಕ್ಯಾನ್ ಮಾಡಿಕೊಂಡಿದ್ದಾರೆ. ಮುಂದಿನ ಗೇಟಿನಲ್ಲಿ ಕಾಯುವವರಿಗೆ ಸುದ್ದಿ ಹೋಗಿದೆ.
- ದೊಡ್ಡ, ವೇಗದ ಶಿಪ್ ಒಂದು ಬಂದು ನಿಮಗೆ ಡಿಕ್ಕಿ ಹೊಡೆಯುತ್ತಿದೆ. ಡಿಕ್ಕಿ ಹೊಡೆಯುವುದು ಅಪರಾಧವಲ್ಲ, ಕಾಂಕಾರ್ಡ್ ಬರುವುದಿಲ್ಲ. ನೀವು ವಾರ್ಪ್ ಆಗದಂತೆ ತಡೆಯುವುದಷ್ಟೇ ಅವನ ಕೆಲಸ.
- ಡಿ-ಸ್ಕ್ಯಾನ್‌ನಲ್ಲಿ ಕ್ಯಾಟಲಿಸ್ಟ್‌ಗಳ ಸಾಲು.

ಎರಡನೆಯದು ಕಂಡ ತಕ್ಷಣ ಹತ್ತಿರದ ಸ್ಟೇಷನ್‌ಗೆ ಡಾಕ್ ಆಗಿ. ಅರ್ಧ ಗಂಟೆ ಬೇರೆ ಕೆಲಸ ಮಾಡಿ. ಸಾಮಾನನ್ನು ಎರಡು ಮೂರು ಓಟಗಳಿಗೆ ಹಂಚಿ. ಲಾರಿ ಥರದ ಶಿಪ್ಪಿನ ಎಲ್ಲಾ ಕೆಳಗಿನ ಸ್ಲಾಟ್‌ಗಳಿಗೂ ಕಾರ್ಗೋ ಜಾಸ್ತಿ ಮಾಡುವ ಮಾಡ್ಯೂಲ್ ತುಂಬುವುದು ಹೊಸಬರ ಖಾಯಂ ತಪ್ಪು. ಒಂದರಲ್ಲಾದರೂ ಡ್ಯಾಮೇಜ್ ಕಂಟ್ರೋಲ್ ಇರಲಿ. ಮೈನಿಂಗ್ ಮಾಡುವವರೂ ಅಷ್ಟೇ. ಜಾಸ್ತಿ ಅದಿರು ತುಂಬುವ ರಿಟ್ರೀವರ್ ಬಿಟ್ಟು ಗಟ್ಟಿ ಮೈಯ ಪ್ರೊಕ್ಯೂರರ್ ತೆಗೆದುಕೊಂಡರೆ ಗ್ಯಾಂಕರ್‌ಗಳು ಪಕ್ಕದವರ ಕಡೆ ತಿರುಗುತ್ತಾರೆ. ಪಕ್ಕದವರ ಬಗ್ಗೆ ಬೇಜಾರಾಗುತ್ತದೆ, ಏನು ಮಾಡುವುದು.

ನಿಮ್ಮ ಕಾರ್ಪೊರೇಷನ್ (ಆಟಗಾರರ ಗುಂಪು) ಮೇಲೆ ಯಾರಾದರೂ ಯುದ್ಧ ಘೋಷಿಸಿದ್ದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಅವರು ಹೈ ಸೆಕ್‌ನಲ್ಲೂ ನಿಮ್ಮನ್ನು ಹೊಡೆಯಬಹುದು, ಕಾಂಕಾರ್ಡ್ ಅಡ್ಡ ಬರುವುದಿಲ್ಲ. ಆ ದಿನಗಳಲ್ಲಿ ಪ್ಲಾಟಿನಂ ಇಲ್ಲದ ಶಿಪ್ ಹ್ಯಾಂಗರ್‌ನಲ್ಲೇ ಇರಲಿ.

## ಹಂತ 8: ಶಿಪ್ ಒಡೆಯುವಾಗ, ಒಡೆದ ಮೇಲೆ

ಶಿಪ್ ಉಳಿಯುವುದಿಲ್ಲ ಅಂತ ಗೊತ್ತಾದ ಕೂಡಲೇ ಅದರ ಆಸೆ ಬಿಡಿ, ಪಾಡ್ (ಶಿಪ್ ಒಡೆದಾಗ ನಿಮ್ಮ ಪಾತ್ರ ಉಳಿಯುವ ಪುಟ್ಟ ಕೋಶ) ಉಳಿಸಿಕೊಳ್ಳಿ. ಇಂಪ್ಲಾಂಟ್‌ಗಳೆಲ್ಲ ಇರುವುದು ಪಾಡ್‌ನಲ್ಲಿ ಕೂತ ನಿಮ್ಮ ತಲೆಯಲ್ಲಿ, ಅದಕ್ಕೆ ಇನ್ಶೂರೆನ್ಸ್ ಇಲ್ಲ. ಹಲ್ ಕೊನೆಗೆ ಬರುವಾಗಲೇ ಓವರ್‌ವ್ಯೂ ಪಟ್ಟಿಯಲ್ಲಿ (ಸುತ್ತ ಇರುವ ವಸ್ತುಗಳ ಪಟ್ಟಿ) ಒಂದು ಗ್ರಹವನ್ನು ಆರಿಸಿಕೊಂಡು ವಾರ್ಪ್ ಬಟನ್ ಒತ್ತುತ್ತಲೇ ಇರಿ. ಶಿಪ್ ಒಡೆದ ಮರುಕ್ಷಣ ಪಾಡ್ ಹಾರಿಬಿಡುತ್ತದೆ. ಗೇಟ್ ಮೇಲೆ ನಿಂತು ಬೈಯುತ್ತಾ ಟೈಪ್ ಮಾಡಬೇಡಿ, ಹಾಗೆ ನಿಂತವರ ಪಾಡನ್ನೂ ಒಡೆಯುತ್ತಾರೆ. ಪಾಡ್ ಹೋದರೂ ಕಲಿತ ಸ್ಕಿಲ್‌ಗಳು ಹೋಗುವುದಿಲ್ಲ. ಸ್ಕಿಲ್ ಉಳಿಸಿಕೊಳ್ಳಲು ಕ್ಲೋನ್ ಅಪ್‌ಗ್ರೇಡ್ ಮಾಡಿಸಿ ಅನ್ನುವ ಹಳೆಯ ಸಲಹೆ ಎಲ್ಲಾದರೂ ಕಂಡರೆ ಬಿಟ್ಟುಬಿಡಿ, ಆ ಪದ್ಧತಿ 2014ರಲ್ಲೇ ಹೋಯಿತು.

ಡಾಕ್ ಆದ ಮೇಲೆ ಈ ಕ್ರಮದಲ್ಲಿ ನೋಡಿ:

1. ವಾಲೆಟ್ ಜರ್ನಲ್‌ನಲ್ಲಿ ಇನ್ಶೂರೆನ್ಸ್ ಹೆಸರಲ್ಲಿ ಎಷ್ಟು ಬಂದಿದೆ?
2. ಬಂದದ್ದು ಮೂಲ ಬೆಲೆಯ 40% ಮಾತ್ರವಾ? ಹಾಗಿದ್ದರೆ ಶಿಪ್ಪಿಗೆ ಇನ್ಶೂರೆನ್ಸ್ ಇರಲಿಲ್ಲ. ನೋಟಿಫಿಕೇಶನ್ ರಾಶಿಯಲ್ಲಿ ಹಿಂದಕ್ಕೆ ಹೋಗಿ, ಅವಧಿ ಮುಗಿದ ಅಥವಾ ರದ್ದಾದ ಸಂದೇಶ ಹುಡುಕಿ. ತಪ್ಪು ಎಲ್ಲಿ ಆಯಿತು ಅಂತ ಅಲ್ಲೇ ಸಿಗುತ್ತದೆ.
3. ಏನೂ ಬಂದಿಲ್ಲವಾ? ಕಿಲ್‌ಮೇಲ್ (ಶಿಪ್ ಒಡೆದದ್ದರ ಬಗ್ಗೆ ಆಟ ಕೊಡುವ ವರದಿ) ತೆರೆಯಿರಿ. ಹೊಡೆದವರ ಪಟ್ಟಿಯಲ್ಲಿ ಕಾಂಕಾರ್ಡ್ ಇದ್ದರೆ ಕಾರಣ ಅದೇ.
4. ಕಿಲ್‌ಮೇಲ್‌ನಲ್ಲೇ ಯಾವ ಮಾಡ್ಯೂಲ್ ಉಳಿದಿದೆ, ಯಾವುದು ನಾಶವಾಗಿದೆ ಅಂತ ಇರುತ್ತದೆ. ಸುಮಾರು ಅರ್ಧದಷ್ಟು ಉಳಿಯುತ್ತವೆ. ರಿಗ್‌ಗಳು ಉಳಿಯುವುದಿಲ್ಲ.

ಉಳಿದದ್ದು ಅವಶೇಷದಲ್ಲಿ ಎರಡು ಗಂಟೆ ಬಿದ್ದಿರುತ್ತದೆ. ನಿಮ್ಮದೇ ಅವಶೇಷದಿಂದ ಎತ್ತಿಕೊಳ್ಳುವುದು ಅಪರಾಧವಲ್ಲ. ಗ್ಯಾಂಕರ್‌ಗಳು ಹೊಡೆದಿದ್ದರೆ ಆಸೆ ಬಿಡಿ, ಸಾಮಾನು ಎತ್ತಲು ಅವರದೇ ಒಬ್ಬ ಪಕ್ಕದಲ್ಲೇ ಕಾಯುತ್ತಿರುತ್ತಾನೆ. ಮಿಷನ್‌ನಲ್ಲಿ ಎನ್‌ಪಿಸಿಗಳು ಒಡೆದಿದ್ದರೆ ಮಾತ್ರ ಪ್ರಯತ್ನ ಮಾಡಬಹುದು. ವೇಗದ, ಅಗ್ಗದ ಫ್ರಿಗೇಟ್ ಒಂದರಲ್ಲಿ ಹೋಗಿ, ಎತ್ತಿಕೊಂಡು ಓಡಿ ಬನ್ನಿ. ಅದೇ ಮಿಷನ್‌ಗೆ ಎರಡನೇ ದೊಡ್ಡ ಶಿಪ್ ತೆಗೆದುಕೊಂಡು ಹೋಗಿ ಅದನ್ನೂ ಕಳೆದುಕೊಂಡು ಬಂದವರಿದ್ದಾರೆ.

ನಿಮ್ಮ ಗುಂಪು ಶಿಪ್ ಬದಲಿ ಕೊಡುವ ಪದ್ಧತಿ ಇಟ್ಟಿದ್ದರೆ ಕಿಲ್‌ಮೇಲ್ ಕೊಂಡಿ ಕೂಡಲೇ ಕಳಿಸಿ. ಕೆಲವು ಗುಂಪುಗಳು ಪ್ಲಾಟಿನಂ ಇದ್ದವರಿಗೆ ಮಾತ್ರ ಕೊಡುತ್ತವೆ, ಸೇರುವಾಗಲೇ ಕೇಳಿಕೊಳ್ಳಿ.

ಆಮೇಲೆ ಹೊಸ ಶಿಪ್. ಹಳೇ ಫಿಟ್ ಸೇವ್ ಆಗಿದ್ದರೆ ಫಿಟ್ಟಿಂಗ್ ವಿಂಡೋದಿಂದಲೇ ಎಲ್ಲವನ್ನೂ ಒಟ್ಟಿಗೆ ಕೊಳ್ಳಬಹುದು. ಕೊಂಡ ಮೇಲೆ ಹಂತ 3ಕ್ಕೆ ವಾಪಸ್ ಹೋಗಿ. ರೀಪ್ಯಾಕೇಜ್ ಒತ್ತಿದಾಗ ಬರುವ ಆ ಎರಡು ಎಚ್ಚರಿಕೆಗಳನ್ನು ಈ ಸಲ ಓದಿ.